ಚುಕ್ಕಿಗೆರೆ

ನೀರಾವರಿ ಕಚೇರಿಯ ಹಿಂದಿನ ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ನಾನು ಟ್ರೇಸರ್.
ಬೇರೆಯವರ ಗೆರೆಯ ಮೇಲೆ ಗೆರೆ ಎಳೆದವಳು.
ತಪ್ಪಿದರೆ ಬ್ಲೇಡಿನಿಂದ ಕೆರೆದು, ಊದಿ,
ಉಗುರಿನಲ್ಲಿ ಉಜ್ಜಿ ನುಣುಪು ಮಾಡಿ, ಮತ್ತೆ ಎಳೆದವಳು.

ಬೀರುವಿನ ತಳದಲ್ಲಿ ಒಮ್ಮೆ ಸಿಕ್ಕಿತು
ಗೆದ್ದಲು ಅರ್ಧ ಓದಿ ಮುಗಿಸಿದ
ಇಂಗ್ಲೆಂಡಿನ ನಾಲೆಗಳ ನಕ್ಷೆ.
ಇಲ್ಲಿಗೇಕೆ ಬಂತೋ, ಯಾವ ಸಾಹೇಬ ಮರೆತನೋ.
"ಪೂರ್ತಿ ಹಾಳಾಗೋ ಮುಂಚೆ ಒಂದು ಕಾಪಿ ತೆಗೀರಿ ತುಳಜಾಬಾಯಿ."

ಪಾಸ್‌ಪೋರ್ಟಿಲ್ಲದೆ ಹನ್ನೊಂದು ದಿನ ಸುತ್ತಿದೆ ಆ ದೇಶ
ಸೂಜಿಮೊನೆಯ ಪೆನ್ನು ಹಿಡಿದು.
ಗುಡ್ಡ ಅಡ್ಡ ಬಂದರೆ ಅಲ್ಲಿ ನೀರಿಗೂ ಮೆಟ್ಟಿಲು:
ಒಂದು ಕೋಣೆ, ಹಿಂದೊಂದು ಮುಂದೊಂದು ಕದ.
ದೋಣಿ ಒಳಗೆ ಬಂದರೆ ಹಿಂದಿನದು ಮುಚ್ಚಿ
ನೀರು ತುಂಬುತ್ತಾರೆ, ದೋಣಿ ಏಳುತ್ತದೆ,
ನಿದ್ದೆಹೋದ ಮಗುವನ್ನು
ಅಲುಗದಂತೆ ಮಂಚಕ್ಕೆತ್ತಿದ ಹಾಗೆ.
ಕೋಣೆ ಏಳಡಿ, ದೋಣಿ ಆರಡಿ ಹತ್ತಂಗುಲ.
ಅಷ್ಟರಲ್ಲೇ ಅಡುಗೆ, ಬಾಣಂತನ, ಜಗಳ.
ಅಂಚಿನ ಚಿತ್ರದಲ್ಲಿ ದಡದ ಮೇಲೊಂದು ಕುದುರೆ;
ಅದು ಎಳೆವ ಹಗ್ಗ ಉಜ್ಜಿ ಉಜ್ಜಿ
ಸೇತುವೆಯ ಕಲ್ಲಿನಲ್ಲಿ ಬೆರಳಾಳದ ಗೀರು.
ನಮ್ಮ ಓಣಿಯ ಸೇದುಬಾವಿಗೂ ಇತ್ತು ಅಂಥದೇ,
ಎಂಟು ಮನೆ, ಎಂಟು ಗೀರು.

ಕೆಲವು ನಾಲೆ ಮಾತ್ರ ಚುಕ್ಕಿ ಚುಕ್ಕಿ.
ಮೂಲೆಯ ವಿವರಣೆ ನೋಡಿದೆ: ಕೈಬಿಟ್ಟದ್ದು.
ರೈಲು ಬಂದಿರಬೇಕು, ಹೂಳು ತುಂಬಿರಬೇಕು.
ನಾನೂ ಇಟ್ಟೆ, ಇನ್ನೂರರವತ್ತು ಚುಕ್ಕಿ.
ಸಂಬಳದ ಚುಕ್ಕಿ. ಸೇರಿಸುವ ಹಾಗಿಲ್ಲ.

ನಿವೃತ್ತಿಯ ಮೇಲೆ ಬೆಳಗಿನ ವಾಕಿಂಗು,
ಗೋಪಾಳದ ಕಡೆ, ತುಂಗಾ ನಾಲೆಯ ಏರಿ.
ನೀರು ನಿಲ್ಲಿಸಿದ ತಿಂಗಳು. ತಳದಲ್ಲಿ
ಒಂಟಿ ಚಪ್ಪಲಿ, ಗಾಜೊಡೆದ ದೇವರ ಪಟ, ಯಾರದೋ ಎಕ್ಸ್‌ರೇ.
ಹಳೆಯ ಕ್ವಾರ್ಟರ್ಸಿನ ಹಿಂದೆ
ಕೋಳಿಗೂಡಿಗೆ ಸೂರಾಗಿ ಕವುಚಿ ಬಿದ್ದಿತ್ತು ದೋಣಿ.
"ಇನ್‌ಸ್ಪೆಕ್ಷನ್ದು ಕಣಮ್ಮ, ಸಾಹೇಬ್ರು ಕೂತು ಹೋಗ್ತಿದ್ರು,"
ಎಂದ ಸೌಡಿಯಾಗಿದ್ದ ಮೈಲಾರಪ್ಪ,
"ನಲವತ್ತು ವರ್ಷ ಆತು ಅದು ನೀರು ಮುಟ್ಟಿ."

ಟೇಪು ತಂದು ಅಳೆದೆ. ಮೂರೂವರೆ ಅಡಿ ಅಗಲ.
ಎರಡು ಸಲ ಅಳೆದೆ.

ಹೆಬ್ಬಲಸಿನ ಮರ, ಕೊಳೆತದ್ದು ಎರಡೇ ಹಲಗೆ.
ಆಟೋ ಕಾಂಪ್ಲೆಕ್ಸಿನ ತೌಸೀಫ್ ಕಬ್ಬಿಣದ ಪಟ್ಟಿ ಬಿಗಿದ.
ಸಂದಿಗೆ ಹತ್ತಿ, ಹತ್ತಿಗೆ ಹಾಲುಮಡ್ಡಿ, ಮೇಲೆ ಗೇರೆಣ್ಣೆ.
ಮೈಲಾರಪ್ಪನ ಸೊಸೆ ನೀಲವ್ವನ ಮೂಗು
ವಾರವಿಡೀ ಸೆರಗಿನಲ್ಲಿ.
ಕೋಳಿಗಳಿಗೆ ಹೊಸ ಸೂರು, ಆ ಖರ್ಚೂ ನನ್ನದೇ.

ಒಂದು ಸಂಜೆ ತೌಸೀಫ್ ಮೊಬೈಲು ಹಿಡಿದ:
"ನಿಮ್ಮ ನಕ್ಷೆಯ ನಾಲೆ ನೋಡಿ ಅಕ್ಕ."
ರಬ್ಬರ್ ಬೂಟಿನ ಮುದುಕರು, ಮುದುಕಿಯರು
ರಜೆ ರಜೆಗೂ ಬಂದು ಕೆಸರೆತ್ತುತ್ತಾರಂತೆ,
ಮೂರು ಮೈಲಿಗೆ ಇಪ್ಪತ್ತು ವರ್ಷ.
ಸೈಕಲ್ಲು ಸಿಕ್ಕಿತು, ತೊಟ್ಟಿಲು ಸಿಕ್ಕಿತು, ಕದದ ಬಿಜಾಗರಿ ಸಿಕ್ಕಿತು,
ಆಮೇಲೆ ನೀರು.
ನಾನು ಚುಕ್ಕಿ ಇಟ್ಟು ಬಿಟ್ಟಿದ್ದನ್ನು
ಯಾರೋ ಅಂಗಳಕ್ಕಿಳಿದು ರಂಗೋಲಿ ಮಾಡಿದ್ದರು.

ನಾಲೆಗೆ ನೀರು ಬಿಟ್ಟ ಮೂರನೆಯ ದಿನ
ಬೈಕಿನಲ್ಲಿ ಬಂದ ಜೂನಿಯರ್ ಎಂಜಿನಿಯರ್.
"ಮೇಡಂ, ನಾಲೇಲಿ ದೋಣಿ ಬಿಡೋಕೆ ರೂಲಿಲ್ಲ."
"ಬಿಡಬಾರದು ಅಂತ ಇದೆಯಾ?"
ಅವನು ಫೋನು ನೋಡಿಕೊಂಡ.

ತೇಲಿತು.
ಸೇತುವೆಯಡಿ ತಲೆ ತಗ್ಗಿಸಿ ಕೂತೆವು,
ಮೇಲೆ ಸಿಟಿ ಬಸ್ಸು ಗುಡುಗಿತು,
ಬಟ್ಟೆ ಒಗೆಯುವವರು ಸೋಪು ಎತ್ತಿಕೊಂಡರು.
ಮೂರು ಫರ್ಲಾಂಗು, ಅಷ್ಟೇ. ಮುಂದೆ ಇಳಿಜಾರು.
ನಮ್ಮ ನಾಲೆಗೆ ಯಾರೂ ಕದದ ಕೋಣೆ ಕಟ್ಟಲಿಲ್ಲ;
ಗದ್ದೆ ಮುಟ್ಟುವ ಅವಸರ ನೀರಿಗೆ, ಇಲ್ಲಿ ಧುಮುಕಿಬಿಡುತ್ತದೆ.

ಇಳಿದೆವು. ಹೆಗಲು ಕೊಟ್ಟೆವು.
"ನಾಲ್ಕು ಜನ ಹೊರಬಾರದು, ಹೆಣ ಆಗ್ತದೆ,"
ಎಂದ ಮೈಲಾರಪ್ಪ ಏರಿಯತ್ತ ಕೂಗಿ
ಎಂಜಿನಿಯರನ್ನೇ ಕರೆದ.
ಬಂದ, ಪ್ಯಾಂಟು ಮಡಚಿ, ಐದನೆಯವನಾಗಿ.

ಆರಡಿ ಇಳಿಸುವಾಗ ಪಟ್ಟಿ ತಾಗಿ
ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಗೀರು.
ಬೆರಳಾಡಿಸಿದೆ.
ಬ್ಲೇಡು ನೆನಪಾಯಿತು, ಪರ್ಸಿನಲ್ಲಿ ಇನ್ನೂ ಇದೆ.

ಆಗಲೇ ಚೊಂಬಿನಲ್ಲಿ ನೀರು ಮೊಗೆದೆಸೆಯುತ್ತ
ನೀಲವ್ವ: "ಸೋರ್ತಾ ಐತಿ,
ಬರ್ತೀರೋ, ಅಲ್ಲೇ ಕೂರ್ತೀರೋ?"